ಇಪ್ಪತ್ತಾರು ಗೇಟು, ಇಪ್ಪತ್ತೇಳು ಸ್ಥಿತಿ

ನಿಡಗುಂದಿಯಿಂದ ಆಲಮಟ್ಟಿಯ ಕಡೆ ಹೊರಟವರು ಮಳೆಗಾಲದಲ್ಲಿ ಎದುರು ಬಂದವರನ್ನು ಕೇಳುವ ಮಾತು ಸಾಮಾನ್ಯವಾಗಿ ಒಂದೇ: “ಎಷ್ಟು ಗೇಟ್ ತೆಗದಾರ್ರೀ?” ಯಾವ ಗೇಟು ಎಂದು ಯಾರೂ ಕೇಳುವುದಿಲ್ಲ. ದಂಡೆಯ ಪಕ್ಕದ ಮೂರನೆಯದೋ, ನಡುವಿನ ಹದಿನಾಲ್ಕನೆಯದೋ ಎಂಬುದು ನೀರು ನೋಡಲು ಹೊರಟವರಿಗೆ ಬೇಕಿಲ್ಲ. ಗಣಕ ವಿಜ್ಞಾನ ಅರ್ಧ ಶತಮಾನದಿಂದ ಬಿಡದೆ ಚಿಂತಿಸುತ್ತಿರುವ ಒಂದು ವಿಷಯಕ್ಕೆ, ಹೀಗೆ ಕೇಳದೆ ಬಿಟ್ಟ ಪ್ರಶ್ನೆಯೇ ಒಳ್ಳೆಯ ಬಾಗಿಲು.

ಕೃಷ್ಣೆಗೆ ಅಡ್ಡಲಾಗಿ ಕಟ್ಟಿರುವ ಆಲಮಟ್ಟಿ ಅಣೆಕಟ್ಟಿಗೆ 26 ಗೇಟುಗಳಿವೆ. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್, ಸಂಗ್ರಹ ಸುಮಾರು 123 ಟಿಎಂಸಿ ಅಡಿ. ಲೆಕ್ಕ ಸುಲಭವಾಗಲೆಂದು ಪ್ರತಿ ಗೇಟೂ ಪೂರ್ತಿ ತೆರೆದಿರುತ್ತದೆ ಇಲ್ಲವೇ ಪೂರ್ತಿ ಮುಚ್ಚಿರುತ್ತದೆ ಎಂದಿಟ್ಟುಕೊಳ್ಳೋಣ. ನಿಜದಲ್ಲಿ ಗೇಟನ್ನು ಬೇಕಾದಷ್ಟೇ ಎತ್ತಬಹುದು, ಅದನ್ನು ಸದ್ಯ ಬದಿಗಿಡೋಣ. ಆಗಲೂ ಅಣೆಕಟ್ಟು ಇರಬಹುದಾದ ಒಟ್ಟು ಸ್ಥಿತಿಗಳು 6,71,08,864. ಎಲ್ಲ ಗೇಟುಗಳನ್ನೂ ಒಂದಾದ ಮೇಲೊಂದು ತೆರೆಯುವುದಾದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ಅನುಕ್ರಮಗಳ ಸಂಖ್ಯೆ ನಾಲ್ಕು ಲಕ್ಷ ಕೋಟಿ ಕೋಟಿ ಕೋಟಿಯನ್ನು ಮೀರುತ್ತದೆ. ಸೆಕೆಂಡಿಗೆ ಒಂದರಂತೆ ಪರೀಕ್ಷಿಸುತ್ತ ಕುಳಿತರೆ ವಿಶ್ವದ ಈವರೆಗಿನ ಆಯಸ್ಸನ್ನು ತೊಂಬತ್ತು ಕೋಟಿ ಪಟ್ಟು ಮಾಡಿದರೂ ಮುಗಿಯದು.

ಹಲವು ಕೆಲಸಗಳು ಒಟ್ಟಿಗೇ ನಡೆಯುವ ಎಲ್ಲ ವ್ಯವಸ್ಥೆಗಳಿಗೂ ಅಂಟಿದ ರೋಗವಿದು. ಮೊಬೈಲ್ ಜಾಲ, ಬ್ಯಾಂಕಿನ ಸರ್ವರ್‌ಗಳು, ರೈಲು ಸಿಗ್ನಲ್, ವಿಮಾನದೊಳಗಿನ ಗಣಕಗಳು, ಯಾವುದನ್ನು ತೆಗೆದುಕೊಂಡರೂ ಬಿಡಿ ಭಾಗ ಸರಳ, ಕೂಡಿದ ಮೇಲೆ ಎಣಿಕೆಗೆ ಸಿಗದಷ್ಟು ಸಾಧ್ಯತೆಗಳು. ಎಲ್ಲವನ್ನೂ ಪರೀಕ್ಷಿಸಲಾಗದು. ಹಾಗಾದರೆ ಒಂದು ವ್ಯವಸ್ಥೆ ಸರಿಯಿದೆ ಎನ್ನುವುದು ಹೇಗೆ? ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದಾಗ ‘ಎರಡೂ ಒಂದೇ’ ಎಂದು ಯಾವ ಧೈರ್ಯದ ಮೇಲೆ ಹೇಳುವುದು?

‘ಒಂದೇ’ ಎಂಬ ಈ ಸಣ್ಣ ಪದದ ಅರ್ಥವನ್ನು ಗಣಿತದ ಬಿಗಿಯಲ್ಲಿ ಹೇಳುವುದೇ ವರ್ತನಾ ಸಮಾನತೆಯ ಸಿದ್ಧಾಂತ.

ಮೊದಲಿಗೆ ಇದು ಕಷ್ಟದ ಪ್ರಶ್ನೆಯಾಗಿ ಕಂಡಿರಲಿಲ್ಲ. ಗಣಕದ ಕಾರ್ಯಕ್ರಮವೆಂದರೆ ಲೆಕ್ಕ ಕೊಟ್ಟರೆ ಉತ್ತರ ಕೊಟ್ಟು ಸುಮ್ಮನಾಗುವ ಯಂತ್ರ. ಅದೇ ಲೆಕ್ಕಕ್ಕೆ ಅದೇ ಉತ್ತರ ಬಂದರೆ ಎರಡು ಕಾರ್ಯಕ್ರಮಗಳೂ ಸಮ. ಆದರೆ ಪಕ್ಕದಲ್ಲಿ ಇನ್ನೊಬ್ಬರು ಕೆಲಸ ಮಾಡುತ್ತಿದ್ದರೆ ಈ ಮಾತು ಮುರಿದು ಬೀಳುತ್ತದೆ. ಚಹಾದಂಗಡಿಯ ಉದ್ರಿ ಪುಸ್ತಕವನ್ನು ನೆನೆಯಿರಿ. ಅಣ್ಣ ಒಬ್ಬರ ಬಾಕಿಯನ್ನು ನೇರವಾಗಿ 20 ಎಂದು ಬರೆಯುತ್ತಾನೆ. ತಮ್ಮ ಮೊದಲು 10 ಎಂದು ಬರೆದು, ಆಮೇಲೆ ಅಲ್ಲಿರುವುದಕ್ಕೆ 10 ಕೂಡಿಸುತ್ತಾನೆ. ಒಬ್ಬೊಬ್ಬರೇ ಇದ್ದಾಗ ಇಬ್ಬರ ಉತ್ತರವೂ 20. ತಮ್ಮನ ಎರಡು ಹೆಜ್ಜೆಗಳ ನಡುವೆ ಅಪ್ಪ ಬಂದು ಅದೇ ಜಾಗದಲ್ಲಿ 50 ಎಂದು ತಿದ್ದಿದರೆ ತಮ್ಮನ ಲೆಕ್ಕ 60 ಆಗುತ್ತದೆ. ಅಣ್ಣನ ಕೈಯಲ್ಲಿ 60 ಎಂದಿಗೂ ಬರದು. ಒಂಟಿಯಾಗಿದ್ದಾಗ ಸಮ ಎನಿಸಿದ ಇಬ್ಬರು ಸಂಸಾರದ ನಡುವೆ ಬೇರೆಯಾದರು. ಹಾಗಾಗಿ ಇಲ್ಲಿ ಸಮಾನತೆಗೆ ಇರಬೇಕಾದ ಮುಖ್ಯ ಗುಣವೊಂದಿದೆ: ಒಂದನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ, ಸುತ್ತ ಏನೇ ಇದ್ದರೂ, ಯಾರಿಗೂ ವ್ಯತ್ಯಾಸ ಗೊತ್ತಾಗಬಾರದು.

ಇದನ್ನು ಹಟ ಹಿಡಿದು ಬೆನ್ನಟ್ಟಿದವರು ಎಡಿನ್‌ಬರೋದ ರಾಬಿನ್ ಮಿಲ್ನರ್ (1934–2010). ಒಟ್ಟಿಗೇ ನಡೆಯುತ್ತ ಪರಸ್ಪರ ಮಾತಾಡುವ ಕೆಲಸಗಳಿಗೆ, ಅಂದರೆ ಪ್ರಾಸೆಸ್‌ಗಳಿಗೆ, ಬೀಜಗಣಿತದಂತಹ ಒಂದು ಭಾಷೆಯನ್ನು ಕಟ್ಟಿ 1980ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಸಿಸಿಎಸ್ ಎಂಬುದು ಅದರ ಹೆಸರು. ಅದೇ ಕಾಲಕ್ಕೆ, 1934ರಲ್ಲೇ ಕೊಲಂಬೊದಲ್ಲಿ ಹುಟ್ಟಿದ್ದ ಟೋನಿ ಹೋರ್, ಸಿಎಸ್‌ಪಿ ಎಂಬ ಇನ್ನೊಂದು ಭಾಷೆಯನ್ನು ರೂಪಿಸುತ್ತಿದ್ದರು. ಅದರ ಮೊದಲ ಲೇಖನ 1978ರದು, ಪುಸ್ತಕ 1985ರದು. ಹೋರ್ ಅವರಿಗೆ 1980ರಲ್ಲಿ, ಮಿಲ್ನರ್ ಅವರಿಗೆ 1991ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಇಬ್ಬರೂ ತಮ್ಮ ಪುಸ್ತಕಗಳಲ್ಲಿ ಉದಾಹರಣೆಗೆ ಎತ್ತಿಕೊಂಡದ್ದು ನಾಣ್ಯ ಹಾಕಿದರೆ ಚಾಕೊಲೇಟ್ ಕೊಡುವ ಯಂತ್ರವನ್ನು.

ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಚಾಕೊಲೇಟ್ ಯಂತ್ರವಿಲ್ಲ, ಶುದ್ಧ ಕುಡಿಯುವ ನೀರಿನ ಘಟಕವಿದೆ. ನಾಣ್ಯ ಹಾಕು, ಗುಂಡಿ ಒತ್ತು, ಕ್ಯಾನ್ ತುಂಬಿಸಿಕೊ. ಅಂತಹ ಎರಡು ಘಟಕಗಳನ್ನು ಕಲ್ಪಿಸಿಕೊಳ್ಳೋಣ. ಎರಡಕ್ಕೂ ಎರಡೆರಡು ನಳ. ಎಡಗಡೆಯದು ತಗ್ಗಿನಲ್ಲಿದೆ, ಕೊಡಕ್ಕೆ ಅನುಕೂಲ. ಬಲಗಡೆಯದು ಎತ್ತರದಲ್ಲಿದೆ, ಕ್ಯಾನಿಗೆ ಅನುಕೂಲ. ಮೊದಲ ಘಟಕದಲ್ಲಿ ನಾಣ್ಯ ಬಿದ್ದ ಮೇಲೆ ಎರಡೂ ಗುಂಡಿಗಳಿಗೆ ಜೀವ ಬರುತ್ತದೆ, ಬೇಕಾದ್ದನ್ನು ಒತ್ತಬಹುದು. ಎರಡನೆಯ ಘಟಕ ನಾಣ್ಯ ಬಿದ್ದ ಕ್ಷಣದಲ್ಲೇ ಒಳಗೊಳಗೆ ತೀರ್ಮಾನ ಮಾಡಿಬಿಡುತ್ತದೆ. ಒಮ್ಮೆ ಎಡದ ಗುಂಡಿಗೆ ಮಾತ್ರ ಜೀವ, ಇನ್ನೊಮ್ಮೆ ಬಲದ್ದಕ್ಕೆ ಮಾತ್ರ.

ಸಂಜೆ ಘಟಕದ ಲೆಕ್ಕದ ಪಟ್ಟಿ ತೆಗೆದು ನೋಡಿದರೆ ಎರಡೂ ಕಡೆ ಅದೇ ದಾಖಲೆ: ನಾಣ್ಯ, ಎಡ ನಳ, ನಾಣ್ಯ, ಬಲ ನಳ, ನಾಣ್ಯ, ಬಲ ನಳ. ಮೊದಲನೆಯದು ಬಿಡಬಹುದಾದ ಪ್ರತಿಯೊಂದು ಜಾಡನ್ನೂ ಎರಡನೆಯದು ಬಿಡಬಲ್ಲದು, ಎರಡನೆಯದರದನ್ನು ಮೊದಲನೆಯದೂ ಬಿಡಬಲ್ಲದು. ಜಾಡುಗಳನ್ನಷ್ಟೇ ಹೋಲಿಸಿ ‘ಸಮ’ ಎನ್ನುವುದಕ್ಕೆ ಜಾಡು ಸಮಾನತೆ ಎಂದು ಹೆಸರಿಡಬಹುದು. ಆ ಅಳತೆಗೋಲಿನಲ್ಲಿ ಇವೆರಡೂ ಒಂದೇ. ಆದರೆ ಪಾಳಿ ಹಚ್ಚಿ ನಿಂತು ಕ್ಯಾನ್ ಹಿಡಿದ ಹೆಣ್ಣುಮಗಳಿಗೆ ಒಂದೇ ಅಲ್ಲ. “ರೊಕ್ಕ ನುಂಗೇತಿ, ಈ ನಳ ಬರವಲ್ದು” ಎಂದು ಅವಳು ಹೇಳುವ ಮಾತು ಲೆಕ್ಕದ ಪಟ್ಟಿಯ ಯಾವ ಸಾಲಿನಲ್ಲೂ ಇಲ್ಲ. ಏನು ನಡೆಯಿತು ಎಂಬುದನ್ನು ಪಟ್ಟಿ ಹೇಳುತ್ತದೆ. ಯಾವುದು ನಿರಾಕರಣೆಯಾಯಿತು ಎಂಬುದನ್ನು ಹೇಳುವುದಿಲ್ಲ.

ಹೋರ್ ಮತ್ತು ಸಂಗಡಿಗರು ಈ ಕೊರತೆಯನ್ನು ನೇರವಾಗಿ ತುಂಬಿದರು. ಜಾಡಿನ ಜೊತೆಗೆ, ಆ ಜಾಡಿನ ಕೊನೆಯಲ್ಲಿ ಯಂತ್ರ ಏನನ್ನು ನಿರಾಕರಿಸಬಹುದು ಎಂಬುದನ್ನೂ ಬರೆದಿಡಿ ಎಂದರು. 1984ರಲ್ಲಿ ಬ್ರೂಕ್ಸ್, ಹೋರ್, ರೋಸ್ಕೊ ಈ ಮೂವರು ಪ್ರಕಟಿಸಿದ ಲೇಖನದ ತಿರುಳು ಅದು. ಮಿಲ್ನರ್ ಇನ್ನೂ ಕಟ್ಟುನಿಟ್ಟಾದ ದಾರಿ ಹಿಡಿದರು: ಪಟ್ಟಿ ಬೇಡ, ಆಟ ಆಡಿ ನೋಡೋಣ.

ಉತ್ತರ ಕರ್ನಾಟಕದ ಊರುಗಳಿಗೆ ಹಗಲುವೇಷದವರು ಬರುತ್ತಾರೆ. ಪೊಲೀಸನ ವೇಷ ಹಾಕಿದವನು ಪೊಲೀಸನಂತೆಯೇ ಗದರಿಸುತ್ತಾನೆ. ಅವನ ಮಾತುಗಳನ್ನು ಧ್ವನಿಮುದ್ರಿಸಿಕೊಂಡು ಕೇಳಿದರೆ ನಿಜವಾದ ಪೊಲೀಸನಿಗೂ ಅವನಿಗೂ ವ್ಯತ್ಯಾಸ ಸಿಗದೆ ಹೋಗಬಹುದು. ಎದುರಿಗೆ ನಿಂತು, ಹೆಜ್ಜೆಹೆಜ್ಜೆಗೂ ಹೊಸ ಪ್ರಶ್ನೆ ಹಾಕುತ್ತ ಹೋದರೆ ಎಲ್ಲೋ ಒಂದು ಕಡೆ ವೇಷ ಕಳಚುತ್ತದೆ. ಸಮಾನತೆಯ ಆಟವೂ ಹೀಗೇ ಇದೆ. ಎರಡು ಯಂತ್ರಗಳನ್ನು ಮುಂದಿಟ್ಟುಕೊಂಡು ಒಬ್ಬ ಎದುರಾಳಿ ಯಾವುದಾದರೂ ಒಂದರಲ್ಲಿ ಒಂದು ಹೆಜ್ಜೆ ಇಡುತ್ತಾನೆ. ಇನ್ನೊಬ್ಬ ಮತ್ತೊಂದು ಯಂತ್ರದಲ್ಲಿ ಅದೇ ಹೆಜ್ಜೆಯನ್ನು ಇಟ್ಟು ತೋರಿಸಬೇಕು. ಮುಂದಿನ ಸುತ್ತಿನಲ್ಲಿ ಎದುರಾಳಿ ಯಂತ್ರವನ್ನು ಅದಲುಬದಲು ಮಾಡಿಕೊಳ್ಳಬಹುದು. ಇದರಲ್ಲೇ ಆಟದ ಜೀವವಿದೆ: ಯಾರು ಯಾರನ್ನು ಅನುಕರಿಸಬೇಕು ಎಂಬುದು ನಡುನಡುವೆ ತಿರುವುಮುರುವಾಗುತ್ತದೆ. ಎಷ್ಟು ಹೊತ್ತು ಆಡಿದರೂ ಉತ್ತರಿಸುವವನು ಸಿಕ್ಕಿಬೀಳದಿದ್ದರೆ ಯಂತ್ರಗಳೆರಡೂ ಸಮ. ಈ ಪರಸ್ಪರ ಅನುಕರಣೆಯ ಸಂಬಂಧಕ್ಕೆ ಬೈಸಿಮ್ಯುಲೇಷನ್ ಎಂದು ಹೆಸರು.

ನೀರಿನ ಘಟಕಗಳ ಮೇಲೆ ಆಟ ಎರಡೇ ಸುತ್ತಿಗೆ ಮುಗಿಯುತ್ತದೆ. ಎದುರಾಳಿ ಎರಡನೆಯ ಘಟಕಕ್ಕೆ ನಾಣ್ಯ ಹಾಕಿ, ಎಡ ನಳ ಮಾತ್ರ ತೆರೆಯುವ ಸ್ಥಿತಿಗೆ ಹೋಗುತ್ತಾನೆ. ಉತ್ತರಿಸುವವನು ಮೊದಲನೆಯದಕ್ಕೆ ನಾಣ್ಯ ಹಾಕುತ್ತಾನೆ. ಅವನಿಗೆ ಬೇರೆ ದಾರಿಯಿಲ್ಲ. ಈಗ ಎದುರಾಳಿ ಯಂತ್ರ ಬದಲಿಸಿ ಮೊದಲನೆಯದರಲ್ಲಿ ಬಲ ನಳದ ಗುಂಡಿ ಒತ್ತುತ್ತಾನೆ. ಎರಡನೆಯದರಲ್ಲಿ ಆ ಗುಂಡಿಗೆ ಜೀವವಿಲ್ಲ. ಆಟ ಮುಗಿಯಿತು. ಕ್ಯಾನ್ ಹಿಡಿದು ನಿಂತವಳ ದೂರು ಈಗ ಪ್ರಮೇಯವಾಯಿತು.

ಈ ಕಲ್ಪನೆ ಪಕ್ವವಾದದ್ದರ ಹಿಂದೆ ಒಂದು ಬೆಳಗಿನ ಕಥೆಯಿದೆ. ಮಿಲ್ನರ್ 1980ರ ಪುಸ್ತಕದಲ್ಲಿ ಸಮಾನತೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದರು: ಒಂದು ಹೆಜ್ಜೆಯವರೆಗೆ ಸಮ, ಎರಡು ಹೆಜ್ಜೆಯವರೆಗೆ ಸಮ, ಹೀಗೆ ಮೇಲಕ್ಕೆ. ಅವರ ಮನೆಯಲ್ಲಿ ಅತಿಥಿಯಾಗಿದ್ದ ಡೇವಿಡ್ ಪಾರ್ಕ್ ಆ ಪುಸ್ತಕ ಓದಿ, ಬೆಳಗ್ಗೆ ತಿಂಡಿಯ ಹೊತ್ತಿಗೆ ಬಂದು, ಇದರಲ್ಲಿ ಏನೋ ಸರಿಯಿಲ್ಲ ಎಂದರು. ಒಂದು ಸ್ಥಿತಿಯಿಂದ ಕವಲುಗಳು ಅನಂತವಾಗಿ ಒಡೆಯುವಾಗ ಮೆಟ್ಟಿಲುಗಳನ್ನೆಲ್ಲ ಹತ್ತಿ ಮುಗಿಸಿದರೂ ಪೂರ್ಣ ಸಮಾನತೆ ಕೈಗೆ ಸಿಗುವುದಿಲ್ಲ ಎಂಬುದು ಅವರು ಕಂಡ ದೋಷ. ಇಬ್ಬರೂ ವಾಕಿಂಗ್ ಹೋಗಿ ಮಾತಾಡಿದರು. ಪಾರ್ಕ್ ಕೊಟ್ಟ ಪರಿಹಾರ ದಿಕ್ಕನ್ನೇ ತಿರುಗಿಸಿತು. ಕೆಳಗಿನಿಂದ ಸಮಾನತೆಯನ್ನು ಕಟ್ಟುತ್ತ ಬರುವ ಬದಲು, ಸೋಲು ತೋರಿಸಲಾಗದ ಎಲ್ಲ ಜೋಡಿಗಳನ್ನೂ ಸಮವೆಂದೇ ಹಿಡಿಯಬೇಕು. ನ್ಯಾಯಾಲಯದಲ್ಲಿ ತಪ್ಪು ಸಾಬೀತಾಗುವವರೆಗೆ ಆರೋಪಿ ನಿರಪರಾಧಿಯಾಗಿರುವಂತೆ, ವ್ಯತ್ಯಾಸ ಸಾಬೀತಾಗುವವರೆಗೆ ಇಬ್ಬರೂ ಒಂದೇ. ಪಾರ್ಕ್ ಅವರ ಲೇಖನ 1981ರಲ್ಲಿ ಬಂತು. ಇದೇ ಸಂಬಂಧವನ್ನು ತರ್ಕಶಾಸ್ತ್ರದ ಕಡೆಯಿಂದ ಯೋಹಾನ್ ವಾನ್ ಬೆಂಥೆಮ್ 1976ರಲ್ಲೇ ಕಂಡುಕೊಂಡಿದ್ದರು, ಬೇರೆ ಹೆಸರಿನಲ್ಲಿ, ಬೇರೆ ಉದ್ದೇಶಕ್ಕೆ.

ಈಗ ಅಣೆಕಟ್ಟಿಗೆ ಮರಳೋಣ. ಈ ಸಮಾನತೆಯ ಲಾಭ ಕಣ್ಣಿಗೆ ಕಾಣುವುದು ಇಲ್ಲಿ.

26 ಗೇಟಿನ ಬದಲು ಮೂರೇ ಗೇಟಿನ ಚಿಕ್ಕ ಒಡ್ಡು ಇದೆ ಎನ್ನೋಣ. ಸ್ಥಿತಿಗಳು ಎಂಟು. ನಡೆಯಬಹುದಾದ ಕೆಲಸ ಎರಡು: ಯಾವುದಾದರೂ ಒಂದು ಗೇಟು ತೆಗೆ, ಯಾವುದಾದರೂ ಒಂದು ಮುಚ್ಚು. ಎಂಟೂ ಸ್ಥಿತಿಗಳನ್ನು ಒಂದೇ ರಾಶಿಯಾಗಿ ಸುರಿದು, ಜೋಳ ಹಸನು ಮಾಡಿದ ಹಾಗೆ ಬೇರೆ ಮಾಡುತ್ತ ಹೋಗಬೇಕು. ಮೊದಲ ಪ್ರಶ್ನೆ: ಇನ್ನೊಂದು ಗೇಟು ತೆಗೆಯಲು ಬರುತ್ತದೆಯೇ? ಎಲ್ಲ ತೆರೆದಿರುವ ಸ್ಥಿತಿಯಲ್ಲಿ ಬರುವುದಿಲ್ಲ, ಅದು ಬೇರೆಯಾಯಿತು. ಎರಡನೆಯದು: ಒಂದನ್ನು ಮುಚ್ಚಲು ಬರುತ್ತದೆಯೇ? ಎಲ್ಲ ಮುಚ್ಚಿರುವ ಸ್ಥಿತಿಯಲ್ಲಿ ಬರುವುದಿಲ್ಲ, ಅದೂ ಬೇರೆಯಾಯಿತು. ಉಳಿದ ಆರು ಇನ್ನೂ ಒಂದೇ ರಾಶಿಯಲ್ಲಿವೆ. ಈಗ ಕೇಳಬೇಕಾದ್ದು: ಒಂದು ಗೇಟು ತೆಗೆದರೆ ‘ಎಲ್ಲ ತೆರೆದ’ ರಾಶಿಗೆ ಹೋಗುತ್ತೀಯಾ? ಎರಡು ಗೇಟು ತೆರೆದಿರುವ ಮೂರು ಸ್ಥಿತಿಗಳು ಹೌದೆನ್ನುತ್ತವೆ, ಒಂದೇ ಗೇಟು ತೆರೆದಿರುವ ಮೂರು ಇಲ್ಲವೆನ್ನುತ್ತವೆ. ಇನ್ನು ಯಾವ ಪ್ರಶ್ನೆ ಕೇಳಿದರೂ ರಾಶಿ ಒಡೆಯುವುದಿಲ್ಲ. ಎಂಟು ಸ್ಥಿತಿಗಳು ನಾಲ್ಕು ರಾಶಿಯಾದವು, ಒಂದೊಂದರಲ್ಲಿ 1, 3, 3, 1. ಛಂದಸ್ಸು ಓದಿದವರಿಗೆ ಇದು ಮೇರು ಪ್ರಸ್ತಾರದ ಸಾಲು ಎಂದು ತಕ್ಷಣ ಹೊಳೆಯುತ್ತದೆ. ಲಘು ಗುರುಗಳನ್ನು ಎಣಿಸಿದ ಹಾಗೆಯೇ ಗೇಟುಗಳನ್ನೂ ಎಣಿಸಿದ್ದಾಗಿದೆ.

26 ಗೇಟಿಗೆ ಇದನ್ನೇ ಮಾಡಿದರೆ 6,71,08,864 ಸ್ಥಿತಿಗಳು 27 ರಾಶಿಗಳಾಗಿ ಕುಗ್ಗುತ್ತವೆ. ಸೊನ್ನೆ ಗೇಟು ತೆರೆದಿದೆ, ಒಂದು, ಎರಡು, ಹೀಗೆ 26ರವರೆಗೆ. “ಎಷ್ಟು ಗೇಟ್ ತೆಗದಾರ್ರೀ?” ಎಂದು ಕೇಳಿದವರು ಮಾಡಿದ್ದು ಇದನ್ನೇ. ಕೆಳಗೆ ನಾರಾಯಣಪುರದ ಬಸವಸಾಗರದಲ್ಲಿ ಒಳಹರಿವನ್ನು ಕ್ಯೂಸೆಕ್‌ನಲ್ಲಿ ಎಣಿಸುವವರಿಗೂ ಈ 27 ಸಾಕು.

ರಾಶಿ ಒಡೆಯುವ ಈ ವಿಧಾನವನ್ನು ಗಣಕಕ್ಕೆ ಕಲಿಸಿದವರು ಪ್ಯಾರಿಸ್ ಕನೆಲ್ಲಾಕಿಸ್ ಮತ್ತು ಸ್ಕಾಟ್ ಸ್ಮೋಲ್ಕಾ, 1983ರಲ್ಲಿ. 1987ರಲ್ಲಿ ಪೇಜ್ ಮತ್ತು ಟಾರ್ಜನ್ ಅದನ್ನು ಇನ್ನಷ್ಟು ವೇಗಗೊಳಿಸಿದರು. ಇಲ್ಲೊಂದು ಅಚ್ಚರಿಯಿದೆ. ಜಾಡು ಸಮಾನತೆ ಸಡಿಲವಾದ ಅಳತೆ, ಬೈಸಿಮ್ಯುಲೇಷನ್ ಬಿಗಿಯಾದದ್ದು. ಬಿಗಿಯಾದದ್ದನ್ನು ಪರೀಕ್ಷಿಸುವುದೇ ಕಷ್ಟವಿರಬೇಕು ಎನಿಸುತ್ತದೆ. ನಿಜ ತದ್ವಿರುದ್ಧ: ಮಿತವಾದ ಸ್ಥಿತಿಗಳಿರುವ ಯಂತ್ರಗಳಲ್ಲಿ ಬೈಸಿಮ್ಯುಲೇಷನ್ ಇದೆಯೇ ಎಂದು ಗಣಕ ಬಹುಬೇಗ ಹೇಳಬಲ್ಲದು, ಜಾಡು ಸಮಾನತೆಯನ್ನು ಹೇಳುವುದಕ್ಕೆ ಎಲ್ಲ ಸಂದರ್ಭಗಳಲ್ಲೂ ಕೈಹಿಡಿಯುವ ವೇಗದ ವಿಧಾನ ಈವರೆಗೆ ಯಾರಿಗೂ ಸಿಕ್ಕಿಲ್ಲ. ಹೆಜ್ಜೆಹೆಜ್ಜೆಗೂ ಒಗ್ಗೂಡಿಸುವ ಕೆಲಸ ಸ್ಥಳದಲ್ಲೇ ಮುಗಿಯುತ್ತದೆ. ಜಾಡುಗಳನ್ನು ಹೋಲಿಸಲು ಇಡೀ ಇತಿಹಾಸವನ್ನು ಹೊತ್ತು ತಿರುಗಬೇಕು.

ಆದರೆ 27 ಎಂಬ ಉತ್ತರ ಎಲ್ಲರಿಗೂ ಸರಿಯೇ? ಅಣೆಕಟ್ಟಿನ ಎಂಜಿನಿಯರ್ ಒಪ್ಪುವುದಿಲ್ಲ. ಒಂದೇ ದಂಡೆಯ ಪಕ್ಕದ ಐದು ಗೇಟು ತೆಗೆಯುವುದಕ್ಕೂ, ಐದನ್ನು ಉದ್ದಕ್ಕೂ ಹಂಚಿ ತೆಗೆಯುವುದಕ್ಕೂ ಕೆಳಗಿನ ಕಾಂಕ್ರೀಟ್ ಹಾಸಿನ ಮೇಲೆ ನೀರು ಬೀಳುವ ರೀತಿ ಬೇರೆ. ನದಿಪಾತ್ರ ಕೊರೆಯುವ ರೀತಿಯೂ ಬೇರೆ. ಅವರ ಕಣ್ಣಿನಿಂದ ನೋಡಿದರೆ ರಾಶಿಗಳು 27ಕ್ಕೆ ನಿಲ್ಲುವುದಿಲ್ಲ. ಯಾವ ನೋಟಗಾರನನ್ನು ಮನಸ್ಸಿನಲ್ಲಿಟ್ಟುಕೊಂಡು ‘ಒಂದೇ’ ಎನ್ನಲಾಗುತ್ತಿದೆ ಎಂಬುದನ್ನು ಮೊದಲೇ ಹೇಳದಿದ್ದರೆ ಸಮಾನತೆಯ ಮಾತಿಗೆ ಅರ್ಥವೇ ಇರುವುದಿಲ್ಲ. ರಾಬ್ ವಾನ್ ಗ್ಲಾಬೀಕ್ 1990ರಲ್ಲಿ ಇಂತಹ ಹತ್ತಕ್ಕೂ ಹೆಚ್ಚು ಸಮಾನತೆಗಳನ್ನು ಸಡಿಲದಿಂದ ಬಿಗಿಯವರೆಗೆ ಒಂದು ನಕಾಶೆಯಲ್ಲಿ ಜೋಡಿಸಿ ತೋರಿಸಿದರು. ನಕಾಶೆಯ ಒಂದು ತುದಿಯಲ್ಲಿ ಜಾಡು, ಇನ್ನೊಂದು ತುದಿಯಲ್ಲಿ ಬೈಸಿಮ್ಯುಲೇಷನ್. ನಡುವಿನ ಪ್ರತಿಯೊಂದೂ ಒಬ್ಬೊಬ್ಬ ನೋಟಗಾರ.

ನೋಟಗಾರನನ್ನು ತಪ್ಪಾಗಿ ಊಹಿಸಿದರೆ ಏನಾಗುತ್ತದೆ ಎಂಬುದಕ್ಕೆ ಪಾಸ್‌ಪೋರ್ಟ್ ಒಳ್ಳೆಯ ಸಾಕ್ಷಿ. ಚಿಪ್ ಇರುವ ಪಾಸ್‌ಪೋರ್ಟ್ ಗಡಿಯ ಯಂತ್ರದೊಂದಿಗೆ ಗುಟ್ಟಿನ ಸಂಭಾಷಣೆ ನಡೆಸುತ್ತದೆ. ದೂರದಲ್ಲಿ ನಿಂತ ಅಪರಿಚಿತನಿಗೆ, ಇಂದು ಹಾದುಹೋದ ಪಾಸ್‌ಪೋರ್ಟೂ ನಿನ್ನೆಯದೂ ಒಬ್ಬರದೇ ಎಂದು ಗೊತ್ತಾಗಬಾರದು. ಅಂದರೆ, ಒಂದೇ ಪಾಸ್‌ಪೋರ್ಟ್ ಹಲವು ಸಲ ಬರುವ ಲೋಕವೂ, ಪ್ರತಿ ಸಲ ಹೊಸ ಪಾಸ್‌ಪೋರ್ಟ್ ಬರುವ ಲೋಕವೂ ಅವನ ಕಣ್ಣಿಗೆ ಸಮವಾಗಿರಬೇಕು. ಖಾಸಗಿತನ ಎಂಬ ಮಾತು ಇಲ್ಲಿ ವರ್ತನಾ ಸಮಾನತೆಯೇ ಆಗಿಬಿಡುತ್ತದೆ. 2010ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಟಾಮ್ ಚೋಥಿಯಾ ಮತ್ತು ವಿಟಾಲಿ ಸ್ಮಿರ್ನೊವ್ ಈ ಸಮಾನತೆ ಮುರಿಯುವುದನ್ನು ತೋರಿಸಿದರು. ಹಿಂದೆ ಕದ್ದು ಮುದ್ರಿಸಿಕೊಂಡ ಒಂದು ಸಂದೇಶವನ್ನು ಮತ್ತೆ ಕಳಿಸಿದರೆ, ಅದೇ ಪಾಸ್‌ಪೋರ್ಟ್ ಆಗಿದ್ದಲ್ಲಿ ಮೊದಲ ಪರೀಕ್ಷೆ ದಾಟಿ ಎರಡನೆಯದರಲ್ಲಿ ತಡೆಯಾಗುತ್ತದೆ, ಬೇರೆಯವರದಾದರೆ ಮೊದಲನೆಯದರಲ್ಲೇ ತಡೆ. ಫ್ರಾನ್ಸಿನ ಪಾಸ್‌ಪೋರ್ಟ್ ಈ ಎರಡಕ್ಕೂ ಬೇರೆ ಬೇರೆ ದೋಷ ಸಂಕೇತ ಕೊಡುತ್ತಿತ್ತು. ಅವರು ಪರೀಕ್ಷಿಸಿದ ಉಳಿದ ದೇಶಗಳವು ಒಂದೇ ಸಂಕೇತ ಕೊಟ್ಟರೂ, ಎರಡನೆಯ ಪರೀಕ್ಷೆಯವರೆಗೆ ಹೋದಾಗ ಉತ್ತರ ಒಂದಿಷ್ಟು ತಡವಾಗಿ ಬರುತ್ತಿತ್ತು. ಕೈಯಲ್ಲಿ ಗಡಿಯಾರವಿರುವ ನೋಟಗಾರನಿಗೆ ಅಷ್ಟು ಸಾಕು.

ಮುಂದೆ, ದೋಷ ಸಂಕೇತ ಸರಿಪಡಿಸಿದ ಮಾದರಿಯನ್ನು ಜಾಡು ಸಮಾನತೆಯ ಅಳತೆಯಲ್ಲಿ ಪರೀಕ್ಷಿಸಿ ಸರಿಯಿದೆ ಎಂಬ ಸಾಬೀತುಗಳು ಬಂದವು. 2019ರಲ್ಲಿ ಲಕ್ಸೆಂಬರ್ಗ್ ವಿಶ್ವವಿದ್ಯಾಲಯದ ತಂಡವೊಂದು ಪಾಸ್‌ಪೋರ್ಟಿನ ಅದೇ ಸಂಭಾಷಣೆಯ ಕ್ರಮವನ್ನು ಬೈಸಿಮ್ಯುಲೇಷನ್ನಿನ ಅಳತೆಗೆ ಒಡ್ಡಿತು. ಆಟದಲ್ಲಿ ಎದುರಾಳಿ ಗೆದ್ದ. ಅವನ ಗೆಲುವಿನ ಹೆಜ್ಜೆಗಳೇ ಪಾಸ್‌ಪೋರ್ಟ್ ಹೊತ್ತವರ ಜಾಡು ಹಿಡಿಯುವ ದಾರಿಯಾಗಿ ಕಂಡವು. ಸಡಿಲ ಅಳತೆಯಲ್ಲಿ ಸಾಬೀತಾಯಿತೆಂದು ನಿಶ್ಚಿಂತರಾಗುವುದು ಎಷ್ಟು ಅಪಾಯ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ಸಿಗುವುದು ಕಷ್ಟ.

ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವ ಪ್ರಶ್ನೆಗೆ ಮತ್ತೆ ಆಲಮಟ್ಟಿಗೇ ಬರೋಣ. ಗದಗದಿಂದ ಬಾಗಲಕೋಟೆ, ವಿಜಯಪುರದ ಮೂಲಕ ಹೊಟಗಿಗೆ ಹೋಗುವ ರೈಲು ಮಾರ್ಗ ಆಲಮಟ್ಟಿಯಲ್ಲಿ ಕೃಷ್ಣೆಯನ್ನು ದಾಟುತ್ತದೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಮೀಟರ್‌ಗೇಜ್‌ನಲ್ಲಿ ಹಾಕಿದ ಈ ಮಾರ್ಗ ಬಹುಕಾಲ ಒಂಟಿ ಹಳಿಯದು. ಒಂದೇ ಹಳಿ, ಎರಡು ದಿಕ್ಕಿನ ಗಾಡಿಗಳು. ಎರಡು ನಿಲ್ದಾಣಗಳ ನಡುವೆ ಒಮ್ಮೆಗೆ ಒಂದೇ ಗಾಡಿ ಇರಬೇಕು. ಪ್ರಾಸೆಸ್‌ಗಳ ಸಿದ್ಧಾಂತ ಹುಟ್ಟುವ ಎಷ್ಟೋ ಮೊದಲೇ ರೈಲ್ವೆಯವರು ಇದಕ್ಕೊಂದು ಉತ್ತರ ಕಂಡುಕೊಂಡಿದ್ದರು. ಭಾರತದ ಒಂಟಿ ಹಳಿ ಮಾರ್ಗಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ನೀಲ್ಸ್ ಬಾಲ್ ಟೋಕನ್ ಯಂತ್ರ ಅದು.

ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರ, ನಡುವೆ ವಿದ್ಯುತ್ ತಂತಿ. ಯಂತ್ರದ ಹೊಟ್ಟೆಯಲ್ಲಿ ಉಕ್ಕಿನ ಚೆಂಡುಗಳು. ಗಾಡಿ ಬಿಡಬೇಕಾದ ಸ್ಟೇಷನ್ ಮಾಸ್ತರ್ ಗಂಟೆಯ ಸಂಕೇತದಲ್ಲಿ ಮುಂದಿನ ನಿಲ್ದಾಣವನ್ನು ಕೇಳುತ್ತಾರೆ. ಅಲ್ಲಿನವರು ಒಪ್ಪಿ ತಮ್ಮ ಯಂತ್ರದ ಹಿಡಿಕೆ ತಿರುಗಿಸಿದರೆ ಮಾತ್ರ ಇಲ್ಲಿನ ಹಿಡಿಕೆ ತಿರುಗುತ್ತದೆ, ಒಂದು ಚೆಂಡು ಹೊರಬೀಳುತ್ತದೆ. ಚೀಲದಲ್ಲಿ ಹಾಕಿ, ಬಳೆಯಾಕಾರದ ದೊಡ್ಡ ಹಿಡಿಗೆ ಕಟ್ಟಿ ಚಾಲಕನ ಕೈಗೆ ಕೊಡುತ್ತಾರೆ. ಆ ಚೆಂಡು ಮುಂದಿನ ನಿಲ್ದಾಣದ ಯಂತ್ರದೊಳಗೆ ಬೀಳುವವರೆಗೆ ಎರಡೂ ಕಡೆ ಇನ್ನೊಂದು ಚೆಂಡು ಹೊರಬರದು. ಬೇರೆ ಬೇರೆ ವಿಭಾಗದ ಚೆಂಡುಗಳಿಗೆ ಬೇರೆ ಬೇರೆ ರೀತಿಯ ಗೀರುಗಳು. ಒಂದರದು ಇನ್ನೊಂದರಲ್ಲಿ ಹೋಗುವುದಿಲ್ಲ.

ಚಾಲಕನ ಕಣ್ಣಿಗೆ ಇದಿಷ್ಟೂ ಒಂದು ಪೆಟ್ಟಿಗೆ: ಈ ತುದಿಯಲ್ಲಾದರೂ ಆ ತುದಿಯಲ್ಲಾದರೂ ಚೆಂಡು ಸಿಗುತ್ತದೆ, ಆಮೇಲೆ ಎದುರು ತುದಿಯಲ್ಲಿ ಮರಳಿಸಬೇಕು. ಗಂಟೆಯ ಸಂಕೇತಗಳು ಅವನಿಗೆ ಬೇಡ. ಹೀಗೆ ಹೊರಗೆ ಕಾಣದ ಒಳಹೆಜ್ಜೆಗಳಿಗೆ ಮಿಲ್ನರ್ ಟೌ ಎಂಬ ಗ್ರೀಕ್ ಅಕ್ಷರವನ್ನು ಕೊಟ್ಟರು. ಎಷ್ಟು ಟೌಗಳು ನಡೆದವೆಂದು ಲೆಕ್ಕಿಸದೆ ಆಡುವ ಆಟ ದುರ್ಬಲ ಬೈಸಿಮ್ಯುಲೇಷನ್. ಆದರೆ ಒಳಹೆಜ್ಜೆಗಳೆಲ್ಲ ನಿರಪಾಯವಲ್ಲ. ಆಚೆಯವರು ಒಪ್ಪಿ ಹಿಡಿಕೆ ತಿರುಗಿಸಿದ ಕ್ಷಣದಲ್ಲಿ, ಚೆಂಡು ಇನ್ನೂ ಯಾರ ಕೈಗೂ ಬಂದಿರದಿದ್ದರೂ, ಆಚೆ ನಿಂತ ಗಾಡಿಯ ಅವಕಾಶ ಹೋಯಿತು. ನಾಣ್ಯ ಬಿದ್ದೊಡನೆ ಒಳಗೇ ತೀರ್ಮಾನಿಸುವ ನೀರಿನ ಘಟಕದ್ದೂ ಇದೇ ಗುಣ. ಹೀಗಾಗಿ ಯಂತ್ರವೂ ಆ ಸರಳ ಪೆಟ್ಟಿಗೆಯೂ ಸಮವಾಗುವುದಿಲ್ಲ.

ಸಮವಾಗಿಸುವ ಒಂದು ಅಂಶ ರೈಲ್ವೆಯ ನಿಯಮದಲ್ಲೇ ಇದೆ: ಕೊಟ್ಟ ಒಪ್ಪಿಗೆಯನ್ನು ಇಬ್ಬರೂ ಮಾತಾಡಿಕೊಂಡು ರದ್ದು ಮಾಡಬಹುದು. ಹಿಂದಿರುಗುವ ಒಳದಾರಿಯೊಂದು ಇದ್ದರೆ ಸಾಕು, ಕಳೆದುಹೋದ ಆಯ್ಕೆ ಮತ್ತೆ ಸಿಗುತ್ತದೆ. ದುರ್ಬಲ ಬೈಸಿಮ್ಯುಲೇಷನ್ನಿನಲ್ಲಿ ಯಂತ್ರ ಮತ್ತು ಪೆಟ್ಟಿಗೆ ಒಂದೇ ಆಗುತ್ತವೆ. ಆದರೆ ಈ ಸಮಾನತೆಗೂ ಒಂದು ಕುರುಡಿದೆ. ಒಪ್ಪುವುದು, ರದ್ದು ಮಾಡುವುದು, ಮತ್ತೆ ಒಪ್ಪುವುದು ಎಂದು ಗಂಟೆ ಬಾರಿಸುತ್ತಲೇ ಇದ್ದು ಚೆಂಡನ್ನೇ ಕೊಡದಿದ್ದರೂ ಅದು ಆಕ್ಷೇಪಿಸುವುದಿಲ್ಲ. ಒಳಹೆಜ್ಜೆಗಳನ್ನೂ ಎಣಿಕೆಗೆ ತಂದು, ಎರಡು ಸಮಾನ ಪ್ರಾಸೆಸ್‌ಗಳಲ್ಲಿ ಯಾವುದು ಚುರುಕು ಎಂದು ಹೋಲಿಸುವ ಕ್ರಮವನ್ನು 1992ರಲ್ಲಿ ಮ್ಯಾಥ್ಯೂ ಹೆನೆಸಿ ಜೊತೆಗೂಡಿ ಕೊಟ್ಟವರು ಎಸ್. ಅರುಣ್ ಕುಮಾರ್. ಮುಂದೆ ಅವರು ದೆಹಲಿಯ ಐಐಟಿಯಲ್ಲಿ ಪಾಠ ಹೇಳಿದರು. ಈ ಕ್ಷೇತ್ರದಲ್ಲಿ ಭಾರತೀಯರಿಂದ ಬಂದ ಕೊಡುಗೆಗಳಲ್ಲಿ ಇದನ್ನು ಮುಖ್ಯವಾಗಿ ಎಣಿಸಬೇಕು.

ಕಾಲಾನಂತರ ಆಕ್ಸಲ್ ಕೌಂಟರ್ ಬಂತು. ಹಳಿಯ ಪಕ್ಕದ ಉಪಕರಣ ವಿಭಾಗದೊಳಗೆ ಹೋದ ಗಾಲಿಯ ಅಚ್ಚುಗಳನ್ನು ಎಣಿಸುತ್ತದೆ. ಆ ತುದಿಯದು ಹೊರಬಂದವನ್ನು ಎಣಿಸುತ್ತದೆ. ಎರಡೂ ತಾಳೆಯಾದರೆ ಹಳಿ ಖಾಲಿ. ಚೆಂಡಿಲ್ಲ, ಚೀಲವಿಲ್ಲ. ಹಳೆಯದಕ್ಕೆ ಇದು ಸಮವೇ? ದಿನನಿತ್ಯದ ಓಡಾಟದಲ್ಲಿ ಎಲ್ಲ ಹೆಜ್ಜೆಗಳೂ ಹೊಂದುತ್ತವೆ. ಎದುರಾಳಿ ಒಂದು ಅಪರೂಪದ ಹೆಜ್ಜೆ ಇಡಲಿ: ಗೂಡ್ಸ್ ಗಾಡಿಯ ಕೊಂಡಿ ನಡುದಾರಿಯಲ್ಲಿ ಕಳಚಿ, ಹಿಂದಿನ ಕೆಲವು ವ್ಯಾಗನ್‌ಗಳು ಸೇತುವೆಯ ಮೇಲೇ ಉಳಿಯಲಿ. ಆಕ್ಸಲ್ ಕೌಂಟರ್‌ನ ಲೆಕ್ಕ ತಾಳೆಯಾಗುವುದಿಲ್ಲ, ಹಳಿ ಮುಚ್ಚಿಯೇ ಇರುತ್ತದೆ. ಬಾಲ್ ಟೋಕನ್ ಪದ್ಧತಿಯಲ್ಲಿ ಚಾಲಕ ಎಂಜಿನ್ನಿನೊಂದಿಗೆ ನಿಲ್ದಾಣ ತಲುಪಿದ್ದಾನೆ, ಚೆಂಡು ಅವನ ಕೈಯಲ್ಲಿದೆ. ಅದನ್ನು ಯಂತ್ರಕ್ಕೆ ಹಾಕಿದರೆ ಯಂತ್ರ ಹಳಿ ಖಾಲಿ ಎಂದೇ ತಿಳಿಯುತ್ತದೆ. ಯಂತ್ರವನ್ನು ಯಂತ್ರಕ್ಕೆ ಹೋಲಿಸಿದರೆ ಇವೆರಡೂ ಸಮವಲ್ಲ, ಮತ್ತು ಆ ವ್ಯತ್ಯಾಸದ ಬೆಲೆ ಜೀವಗಳು.

ಆದರೂ ಬಾಲ್ ಟೋಕನ್ ಅಷ್ಟು ವರ್ಷ ಕಾಪಾಡಿತು. ಯಂತ್ರ ಒಂಟಿಯಾಗಿರಲಿಲ್ಲ, ಅದರ ಜೊತೆಗೆ ಒಬ್ಬ ಮನುಷ್ಯ ನಿಂತಿದ್ದ ಎಂಬುದೇ ಕಾರಣ. ಗಾಡಿಯ ಕೊನೆಯ ಡಬ್ಬಿ ಕಣ್ಣಿಗೆ ಬಿದ್ದ ಮೇಲೆಯೇ ಹಳಿ ಖಾಲಿಯಾಯಿತೆಂದು ತಿಳಿಸಬೇಕು ಎಂಬುದು ನಿಯಮ. ಕೊನೆಯ ಡಬ್ಬಿಯ ಗುರುತಿಗೆ ಹಗಲಲ್ಲಿ ‘ಎಲ್‌ವಿ’ ಎಂಬ ಅಕ್ಷರಗಳಿರುವ ಹಳದಿ ಫಲಕ, ರಾತ್ರಿ ಕೆಂಪು ದೀಪ. ಯಂತ್ರದ ಜೊತೆಗೆ ಆ ಕಣ್ಣನ್ನೂ ಒಂದು ಪ್ರಾಸೆಸ್ ಎಂದು ಸೇರಿಸಿ ಲೆಕ್ಕ ಹಾಕಿದರೆ ಕೊಂಡಿ ಕಳಚಿದ ಹೆಜ್ಜೆಗೂ ಹಳೆಯ ಪದ್ಧತಿ ಹೊಸದರಷ್ಟೇ ಸರಿಯಾಗಿ ಉತ್ತರಿಸುತ್ತದೆ. ಉದ್ರಿ ಪುಸ್ತಕದ ಅಣ್ಣ ತಮ್ಮಂದಿರ ಕಥೆಯನ್ನು ಇಲ್ಲಿ ತಿರುಗಿಸಿ ಓದಬೇಕು: ಒಂಟಿಯಾಗಿದ್ದಾಗ ಬೇರೆಯಾದವು ಸಂಸಾರದಲ್ಲಿ ಸಮವಾದವು. ಹಳೆಯ ಪದ್ಧತಿಯ ಜಾಗಕ್ಕೆ ಹೊಸ ಗಣಕ ತರುವವರು ಯಂತ್ರವನ್ನಷ್ಟೇ ಅಳೆದು ಹೋದರೆ, ಅದರ ಪಕ್ಕದಲ್ಲಿ ನಿಂತಿದ್ದವರು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಬ್ಯಾಂಕಾಗಲಿ, ಪಡಿತರವಾಗಲಿ, ಜಮೀನಿನ ಪಹಣಿಯಾಗಲಿ, ಹಳೆಯ ಕ್ರಮವನ್ನು ತೆಗೆಯುವ ಮುನ್ನ ಆ ಮನುಷ್ಯ ಏನೇನು ನೋಡುತ್ತಿದ್ದ ಎಂದು ಕೂತು ಪಟ್ಟಿ ಮಾಡುವುದು ಎಂಜಿನಿಯರುಗಳ ಮೊದಲ ಕೆಲಸವಾಗಬೇಕು.

ಮುಂದಿನ ಸಲ ಆಲಮಟ್ಟಿ ನಿಲ್ದಾಣದಲ್ಲಿ ನಿಂತಾಗ, ಗಾಡಿ ಹಾದುಹೋದ ಮೇಲೆ ಬೆನ್ನು ತಿರುಗಿಸುವ ಮೊದಲು ಕೊನೆಯ ಡಬ್ಬಿಯ ಹಿಂಭಾಗವನ್ನು ನೋಡಿ. ಹಳದಿ ಫಲಕ ಅಲ್ಲಿ ನೇತಾಡುತ್ತಿರುತ್ತದೆ.